ಬಿಸಿನೀರಿಗೆ ಸುರಿಯುವ ಮುನ್ನ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಮುಗಿದ ಮೇಲೂ ಮಾತೆಲ್ಲ ದರದ್ದೇ. ರೀಲರ್ ಬಂಧುಗಳೇ, ದರ ನಿಮ್ಮ ಕೈಯಲ್ಲಿಲ್ಲ. ಗೂಡು ಶೆಡ್ಡಿಗೆ ಬಂದ ಮೇಲಿನ ಕೆಲಸ ಮಾತ್ರ ಪೂರ್ತಿ ನಿಮ್ಮದು; ಲಾಭ ಸೋರುವುದೂ ಅಲ್ಲೇ.

ಜೋಡಿಗೂಡು, ಕಲೆಗೂಡು, ತೆಳುಗೂಡುಗಳನ್ನು ಆರಿಸಿ ತೆಗೆಯದಿದ್ದರೆ ಎಳೆ ಮತ್ತೆ ಮತ್ತೆ ಕಡಿಯುತ್ತದೆ. ಆರಿಸುವುದರಲ್ಲಿ ಉಳಿಸಿದ ಹೊತ್ತು ಎಳೆ ಹುಡುಕುವುದರಲ್ಲಿ ಹೋಗುತ್ತದೆ. ಬೇಯಿಸುವುದಂತೂ ಹದದ ಕೆಲಸ. ಕಡಿಮೆ ಬೆಂದರೆ ಅಂಟು ಬಿಡದು, ಹೆಚ್ಚು ಬೆಂದರೆ ರೇಷ್ಮೆ ತ್ಯಾಜ್ಯದ ಪಾಲು. ಕಣ್ಣಂದಾಜು ಸಾಕೆನ್ನುವ ಹಿರಿಯರಿದ್ದಾರೆ. ಅವರಿಗೆ ಸಾಕು, ಸರಿ; ನಿನ್ನೆ ಸೇರಿದ ಹುಡುಗನಿಗೆ ಥರ್ಮಾಮೀಟರೂ ಗಡಿಯಾರವೂ ಬೇಕು.

ಬೇಸಿನ್ ಮುಂದೆ ಕೂರುವವರನ್ನೂ ನೋಡಿ. ದಿನವಿಡೀ ಬಿಸಿನೀರಲ್ಲಿ ಆಡುವ ಬೆರಳು ಹುಣ್ಣಾಗುತ್ತದೆ, ಹಬೆ ಮತ್ತು ಹುಳದ ವಾಸನೆ ಉಸಿರು ಕಟ್ಟಿಸುತ್ತದೆ. ಗಾಳಿ, ಬೆಳಕು, ನಡುನಡುವೆ ಬಿಡುವು ಕೊಡುವುದನ್ನು ಧರ್ಮದ ಲೆಕ್ಕಕ್ಕೆ ಬರೆಯಬೇಡಿ, ವ್ಯಾಪಾರದ ಲೆಕ್ಕಕ್ಕೇ ಬರೆಯಿರಿ. ನೊಂದ ಬೆರಳಿಗೆ ಸಣ್ಣ ಎಳೆ ಸಿಗುವುದಿಲ್ಲ.



ಎಲ್ಲವನ್ನೂ ಒಟ್ಟಿಗೇ ಬದಲಿಸಲು ಹೋಗಬೇಡಿ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಹಿಡಿಯಿತು ಎಂಬ ರೆಂಡಿಟ್ಟಾ ಲೆಕ್ಕವನ್ನು ಮುಂದಿನ ಲಾಟಿನಿಂದಲೇ ಪುಸ್ತಕದಲ್ಲಿ ಬರೆಯಿರಿ. ದ್ವಿತಳಿಗೂ ಮಿಶ್ರತಳಿಗೂ ಬೇರೆ ಬೇರೆ ಪುಟವಿರಲಿ. ದ್ವಿತಳಿಗೆ ಸಾಮಾನ್ಯವಾಗಿ ಕಡಿಮೆ ಗೂಡು ಸಾಕು, ಎರಡನ್ನೂ ಬೆರೆಸಿದರೆ ನಷ್ಟ ಯಾವುದರಲ್ಲಿ ಆಯಿತೆಂದು ತಿಳಿಯದು.