ಚರ್ಮ ಮೆತ್ತಗಾದರೆ ಸಾಲದು, ಉಸಿರನ್ನೂ ಅಳೆಸಿ

ಅಸ್ಥಿಮಜ್ಜೆ ಕಸಿಯ ನಂತರ ದಾನಿಯ ರೋಗನಿರೋಧಕ ಕೋಶಗಳು ರೋಗಿಯ ದೇಹದ ಮೇಲೇ ತಿರುಗಿಬೀಳುವುದುಂಟು. ಈ ದೀರ್ಘಕಾಲೀನ ‘ಗ್ರಾಫ್ಟ್ ವರ್ಸಸ್ ಹೋಸ್ಟ್’ ರೋಗಕ್ಕೆ (ಜಿವಿಎಚ್‌ಡಿ) ಕೊಟ್ಟ ಔಷಧ ನಾಟಿತೇ ಎಂದು ಒಂದೇ ರಕ್ತಪರೀಕ್ಷೆ ಹೇಳಲಾರದು.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ (ಎನ್‌ಐಎಚ್) 2014ರಲ್ಲಿ ಪರಿಷ್ಕರಿಸಿದ ಮಾನದಂಡದಂತೆ ವೈದ್ಯರು ಚರ್ಮ, ಕಣ್ಣು, ಬಾಯಿ, ಯಕೃತ್ತು, ಜೀರ್ಣಾಂಗ, ಶ್ವಾಸಕೋಶ, ಕೀಲುಗಳನ್ನು ಬೇರೆಬೇರೆಯಾಗಿ ಅಳೆಯುತ್ತಾರೆ. ಬಾಯಿಹುಣ್ಣು ಮಾಯ್ದರೂ ಶ್ವಾಸಕೋಶ ಹದಗೆಟ್ಟರೆ ಅದು ‘ಮಿಶ್ರ ಸ್ಪಂದನೆ’. ಯಶಸ್ಸಿನ ಲೆಕ್ಕಕ್ಕೆ ಸೇರದು.

ಆದ್ದರಿಂದ ರೋಗಿಗಳು ಉಸಿರಾಟ ಅಳೆಯುವ ಸ್ಪೈರೊಮೆಟ್ರಿ ಪರೀಕ್ಷೆಯ ಹಳೆಯ ವರದಿಗಳನ್ನು ಪ್ರತಿ ಭೇಟಿಗೂ ಒಯ್ಯುವುದು ಒಳಿತು. ಮೊಣಕೈ, ಮಣಿಕಟ್ಟು ಎಷ್ಟು ಬಾಗುತ್ತವೆಂದು ಆಗಾಗ ಫೋಟೊ ತೆಗೆದಿಡಬಹುದು.

ರೋಗ ತಣ್ಣಗಾದರೂ ಕಣ್ಣಿನ ಒಣತನ ಉಳಿಯಬಹುದು. ಅದೊಂದೇ ಔಷಧ ಸೋತಿತೆನ್ನುವುದಕ್ಕೆ ಪುರಾವೆಯಲ್ಲ. ರೋಗದಿಂದ ಗಟ್ಟಿಯಾಗಿದ್ದ ಚರ್ಮ ಮೆತ್ತಗಾಯಿತೆಂದು, ಚಿಕಿತ್ಸೆಗೆ ಕೊಟ್ಟ ಸ್ಟೀರಾಯ್ಡ್ ಅನ್ನು ತಾವಾಗಿಯೇ ನಿಲ್ಲಿಸಬಾರದು. ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ಮುಂದಿನ ತಪಾಸಣೆಗೆ ಕಾಯದೆ ಕಸಿ ವೈದ್ಯರಿಗೆ ತಿಳಿಸಬೇಕು.