ಕುಳಿತಲ್ಲಿ ಕೂರಗೊಡದ ಕಾಲುಗಳು: ಅರಿವು ಮತ್ತು ಆರೈಕೆ

ಸಂಜೆಯ ಪ್ರವಚನಕ್ಕೆ ಕುಳಿತ ಸದ್ಭಕ್ತರ ನಡುವೆ ಪದೇ ಪದೇ ಕಾಲು ಚಾಚುವವರು, ಮಡಚುವವರು, ಮೀನಖಂಡ ತಿಕ್ಕಿಕೊಳ್ಳುವವರು, ಕೊನೆಗೆ ಎದ್ದುಹೋಗಿ ಹಿಂದೆ ಅಡ್ಡಾಡುವವರು ಕೆಲವರಾದರೂ ಕಾಣಸಿಗುತ್ತಾರೆ. ಹೆಚ್ಚಿನವರಿಗೆ ಹಿಡಿದಿರುವುದು ಬರಿಯ ಜೋಮು. ಆದರೆ ಕೆಲವರಿಗೆ ಅದು ದಿನವೂ ಸಂಜೆ ಕಾಡುವ, ರಾತ್ರಿಯ ನಿದ್ರೆಯನ್ನು ಕಸಿಯುವ ಒಂದು ರೋಗವಾಗಿರುತ್ತದೆ.

ಕೆಲವು ವರ್ಷಗಳ ಹಿಂದೆ ಯಲಬುರ್ಗಾ ತಾಲ್ಲೂಕಿನ, ನಲವತ್ತರ ಆಸುಪಾಸಿನ ತಾಯಿಯೊಬ್ಬರು ನಮ್ಮಲ್ಲಿಗೆ ಬಂದು ಸಂಕೋಚದಿಂದ ಹೇಳಿದರು: "ಲಿಂಗಪೂಜಿಗೆ ಕುಂತ್ರ ಕಾಲಾಗ ಇರಿವಿ ಹರದಾಡಿದಂಗ ಆಕ್ಕೈತ್ರಿ. ಎದ್ದು ಅಡ್ಡಾಡಿದ್ರ ಆರಾಮ, ಮತ್ತ ಕುಂತ್ರ ಮತ್ತ ಅದ. ನನ್ನ ಮನಸ್ಸ ಚಂಚಲ ಆಗೇತೇನ್ರಿ?" ರಾತ್ರಿ ಕಾಲಿಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಮಲಗುತ್ತಿದ್ದರಂತೆ. ಮನೆಯವರು ಅದನ್ನು ನೆಪವೆಂದು ತಿಳಿದಿದ್ದರು. ಅವರ ಮನಸ್ಸು ಚಂಚಲವಾಗಿರಲಿಲ್ಲ, ಮಾತು ನೆಪವೂ ಆಗಿರಲಿಲ್ಲ. ಅವರನ್ನು ಕಾಡುತ್ತಿದ್ದುದು ಆಧುನಿಕ ವೈದ್ಯದಲ್ಲಿ ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಎಂದು ಕರೆಯುವ ರೋಗ. ಕನ್ನಡದಲ್ಲಿ ಇದನ್ನು 'ಕಾಲುಗಳ ಚಡಪಡಿಕೆ' ಎನ್ನಬಹುದು. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಹದಿನೇಳನೆಯ ಶತಮಾನದಲ್ಲಿಯೇ ಇದರ ಲಕ್ಷಣವನ್ನು ದಾಖಲಿಸಿದ್ದರು. 1945ರಲ್ಲಿ ಸ್ವೀಡನ್ನಿನ ನರರೋಗ ತಜ್ಞ ಎಕ್‌ಬಾಮ್ ಇದನ್ನು ಸವಿಸ್ತಾರವಾಗಿ ವಿವರಿಸಿದರು.

ಗುರುತಿಸುವುದು ಹೇಗೆ?

ಈ ರೋಗವನ್ನು ಎಕ್ಸ್‌ರೇ ತೋರಿಸುವುದಿಲ್ಲ. ರೋಗಿಯ ಮಾತನ್ನು ತಾಳ್ಮೆಯಿಂದ ಆಲಿಸುವುದೇ ಮುಖ್ಯ ಪರೀಕ್ಷೆ. ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

1. ಕಾಲನ್ನು ಅಲುಗಾಡಿಸಲೇಬೇಕೆಂಬ ತಡೆಯಲಾಗದ ತವಕ ಉಂಟಾಗುತ್ತದೆಯೆ? ಇದರೊಡನೆ ಹರಿದಾಡಿದಂತೆ, ಸೆಳೆದಂತೆ, ಒಳಗೆ ತುರಿಸಿದಂತೆ ಅನಿಸಬಹುದು.
2. ಕುಳಿತಾಗ, ಮಲಗಿದಾಗ ಅದು ತೊಡಗುತ್ತದೆಯೆ ಅಥವಾ ಹೆಚ್ಚುತ್ತದೆಯೆ?
3. ನಡೆದರೆ, ಕಾಲು ಚಾಚಿದರೆ, ಆ ಚಲನೆ ಇರುವಷ್ಟು ಹೊತ್ತಾದರೂ ಶಮನವಾಗುತ್ತದೆಯೆ?
4. ಹಗಲಿಗಿಂತ ಸಂಜೆ ಮತ್ತು ರಾತ್ರಿ ಬಾಧೆ ಹೆಚ್ಚೆ?

ನಾಲ್ಕಕ್ಕೂ 'ಹೌದು' ಎಂಬ ಉತ್ತರ ಬಂದು, ಅದಕ್ಕೆ ಬೇರೆ ಕಾರಣ ಕಾಣದಿದ್ದರೆ ಈ ರೋಗವೆಂದು ಬಗೆಯಬಹುದು. ಇಂಥವರಿಗೆ ರಾತ್ರಿ ಬಸ್ಸಿನಲ್ಲಿ ಕುಷ್ಟಗಿಯಿಂದ ಬೆಂಗಳೂರಿಗೆ ಹೋಗುವುದೂ ಒಂದು ಶಿಕ್ಷೆಯೇ. ಹಲವರಿಗೆ ನಿದ್ರೆಯಲ್ಲಿಯೂ ಕಾಲು ಆಗಾಗ ಜಗ್ಗುತ್ತದೆ. ಅದನ್ನು ಮೊದಲು ಕಾಣುವವರು ಪಕ್ಕದಲ್ಲಿ ಮಲಗಿದವರು.

ಇದಲ್ಲದ ಬಾಧೆಗಳು

ನಮ್ಮ ಭಾಗದಲ್ಲಿ ಕಾಲುನೋವಿಗೆ ಕಾರಣಗಳು ಹಲವು, ಆದುದರಿಂದ ವಿವೇಚನೆ ಅಗತ್ಯ. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಅನೇಕ ಗ್ರಾಮಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಧಿಕ. ಅಂಥ ನೀರನ್ನು ಬಹುಕಾಲ ಕುಡಿದವರ ಹಲ್ಲಿನಲ್ಲಿ ಕಂದು ಕಲೆ, ಬೆನ್ನು-ಕತ್ತಿನ ಬಿಗಿತ, ಕೀಲುನೋವು ಕಾಣುತ್ತವೆ. ಆ ನೋವು ಹಗಲೂ ಇರುತ್ತದೆ, ನಡೆದರೆ ಅಡಗುವುದಿಲ್ಲ. ಮಧುಮೇಹಿಗಳ ಅಂಗಾಲಿನ ಉರಿ ಮತ್ತು ಮರಗಟ್ಟುವಿಕೆಯೂ ನಡೆದ ಮಾತ್ರಕ್ಕೆ ನಿಲ್ಲುವುದಿಲ್ಲ. ಮೀನಖಂಡವು ಒಮ್ಮೆಲೇ ಗಂಟುಕಟ್ಟಿ ಹಿಡಿದುಕೊಂಡರೆ ಅದು ಸ್ನಾಯುಸೆಳೆತ. ಗೃಧ್ರಸಿಯಲ್ಲಿ ನೋವು ಸೊಂಟದಿಂದ ಇಳಿದುಬರುತ್ತದೆ. ತಂಬಾಕು ಸೇವಿಸುವವರಿಗೆ ನಡೆದಾಗ ಮೀನಖಂಡ ನೊಂದು, ನಿಂತಾಗ ಶಮನವಾದರೆ ಅದು ರಕ್ತನಾಳ ಕಟ್ಟಿಕೊಂಡಿರುವ ಸೂಚನೆಯಾಗಿರಬಹುದು. ಅದನ್ನು ಅಲಕ್ಷಿಸಲಾಗದು.

ಕಾರಣಗಳು

ಕೆಲವು ಮನೆತನಗಳಲ್ಲಿ ಇದು ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ. ಉಳಿದಂತೆ, ನಾವು ಸರಿಪಡಿಸಬಹುದಾದ ಮುಖ್ಯ ಕಾರಣವೆಂದರೆ ಕಬ್ಬಿಣಾಂಶದ ಕೊರತೆ. ಚಲನೆಯನ್ನು ನಿಯಂತ್ರಿಸುವ ಡೋಪಮಿನ್ ಎಂಬ ದ್ರವ್ಯವು ಮೆದುಳಿನಲ್ಲಿ ಸರಿಯಾಗಿ ಸಿದ್ಧವಾಗಲು ಕಬ್ಬಿಣಾಂಶ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆಯಿದೆ. ಹೀಗಿರುವಾಗ ಗಂಗಾವತಿಯ ಗದ್ದೆಯಲ್ಲಿ ಹಗಲೆಲ್ಲ ನಾಟಿ ಮಾಡಿ ಬಂದ ತಾಯಿ ರಾತ್ರಿ ಕಾಲು ಬಡಿದುಕೊಂಡರೆ, ಅದನ್ನು ಬರಿಯ ದಣಿವೆಂದು ತಳ್ಳಿಹಾಕುವುದು ಸಲ್ಲದು.

ಗರ್ಭಿಣಿಯರಲ್ಲಿ, ವಿಶೇಷವಾಗಿ ಕೊನೆಯ ಮೂರು ತಿಂಗಳಲ್ಲಿ, ಇದು ಹೆಚ್ಚಾಗಿ ತೋರಿ ಹೆರಿಗೆಯ ನಂತರ ಬಹುತೇಕ ಶಮನವಾಗುತ್ತದೆ. ಮೂತ್ರಪಿಂಡದ ವೈಫಲ್ಯವುಳ್ಳವರಲ್ಲಿ, ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ, ಮಧುಮೇಹಿಗಳಲ್ಲಿಯೂ ಇದು ಕಾಣುತ್ತದೆ.

ಔಷಧಗಳೂ ಬಾಧೆಯನ್ನು ಕೆರಳಿಸಬಲ್ಲವು. ನೆಗಡಿಗೆ ನುಂಗುವ, ನಿದ್ದೆ ತರಿಸುವ ಗುಳಿಗೆಗಳು, ವಾಂತಿ ತಡೆಯುವ ಕೆಲವು ಔಷಧಗಳು, ಖಿನ್ನತೆ ಹಾಗೂ ಮಾನಸಿಕ ರೋಗದ ಕೆಲವು ಔಷಧಗಳು ಈ ಸಾಲಿಗೆ ಸೇರುತ್ತವೆ. ವೈದ್ಯರು ಬರೆದುಕೊಟ್ಟದ್ದನ್ನು ತಾವಾಗಿಯೇ ನಿಲ್ಲಿಸಬಾರದು, ಅವರಲ್ಲಿ ವಿಚಾರಿಸಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇವೆ. ಕಾಲುಬಾಧೆಗೆಂದು ಔಷಧದಂಗಡಿಯಿಂದ ನೋವಿನ ಗುಳಿಗೆ ತಂದು ವರ್ಷಗಟ್ಟಲೆ ನುಂಗುವವರಿದ್ದಾರೆ. ಆ ಗುಳಿಗೆ ಈ ರೋಗವನ್ನು ಗುಣಪಡಿಸುವುದಿಲ್ಲ. ಬದಲಿಗೆ ಜಠರದಲ್ಲಿ ಹುಣ್ಣುಮಾಡಿ ಕಣ್ಣಿಗೆ ಕಾಣದಂತೆ ರಕ್ತ ಸೋರಿಸಬಲ್ಲದು, ಮೂತ್ರಪಿಂಡಕ್ಕೂ ಕೇಡು ತರಬಲ್ಲದು. ರಕ್ತ ಸೋರಿದರೆ ಕಬ್ಬಿಣಾಂಶ ಕುಂದುತ್ತದೆ, ಕುಂದಿದಂತೆ ಕಾಲಿನ ಚಡಪಡಿಕೆ ಹೆಚ್ಚುತ್ತದೆ. ಪರಿಹಾರವೆಂದು ನುಂಗಿದ್ದೇ ರೋಗವನ್ನು ಬೆಳೆಸುವ ದಾರಿ ಇದು.

ಆಯುರ್ವೇದ ದೃಷ್ಟಿ

ನಮ್ಮ ಸಂಹಿತೆಗಳಲ್ಲಿ ಇದೇ ಹೆಸರಿನ ವ್ಯಾಧಿಯಿಲ್ಲ. ಚರಕಾಚಾರ್ಯರು ವಾತವ್ಯಾಧಿಗಳಲ್ಲಿ ಹೇಳಿದ 'ಖಲ್ಲಿ' ಇದಕ್ಕೆ ಸಮೀಪವಾದರೂ ಅದು ಹೆಚ್ಚಾಗಿ ಸೆಳೆತವನ್ನು ಹೋಲುತ್ತದೆ. ಚಲನೆ ವಾತದ ಧರ್ಮ, ದಿನದ ಕೊನೆಯ ಭಾಗ ವಾತದ ಕಾಲ. ಆದುದರಿಂದ ಇದನ್ನು ವಾತಪ್ರಧಾನವೆಂದು ತಿಳಿದು ಚಿಕಿತ್ಸಿಸುತ್ತೇವೆ.

ಮೇಲೆ ಹೇಳಿದ ತಾಯಿಯ ವಿಷಯದಲ್ಲಿ ನಮ್ಮಿಂದಲೂ ಒಂದು ಲೋಪವಾಯಿತು. ನಾಲ್ಕು ತಿಂಗಳು ತೈಲಾಭ್ಯಂಗವನ್ನೇ ಮಾಡಿಸಿದೆವು. ಕೊಂಚ ಹಿತವೆನಿಸಿತೇ ಹೊರತು ನಿದ್ರೆ ಮರಳಲಿಲ್ಲ. ವಾತಪ್ರಕೋಪಕ್ಕೆ ಧಾತುಕ್ಷಯ ಮತ್ತು ಮಾರ್ಗಾವರಣ ಎಂಬ ಎರಡು ಕಾರಣಗಳನ್ನು ಚರಕರು ಹೇಳಿದ್ದಾರೆ. ನಾವು ವಾತವನ್ನು ಕಂಡೆವು, ಅದರ ಹಿಂದಿದ್ದ ರಕ್ತಧಾತುವಿನ ಕ್ಷಯವನ್ನು ಕಾಣಲಿಲ್ಲ. ಕೊನೆಗೆ ರಕ್ತಪರೀಕ್ಷೆ ಮಾಡಿಸಿದಾಗ ಕಬ್ಬಿಣದ ಸಂಗ್ರಹ ತೀರ ತಗ್ಗಿತ್ತು. ಪ್ರತಿ ತಿಂಗಳೂ ಅವರಿಗೆ ಅತಿಯಾದ ರಕ್ತಸ್ರಾವವಾಗುತ್ತಿದ್ದುದನ್ನು ನಾವು ಕೇಳಿರಲೇ ಇಲ್ಲ. ಸ್ತ್ರೀರೋಗ ತಜ್ಞರ ಚಿಕಿತ್ಸೆಯೊಡನೆ ಕಬ್ಬಿಣಾಂಶವನ್ನೂ ತುಂಬಿದ ಮೇಲೆ ಮೂರನೆಯ ತಿಂಗಳಿನ ಹೊತ್ತಿಗೆ ಅವರು ನೆಮ್ಮದಿಯಾಗಿ ನಿದ್ರಿಸತೊಡಗಿದರು. ಅಂದಿನಿಂದ ಇಂಥ ರೋಗಿಗಳಿಗೆ ನಾವು ಎಣ್ಣೆಗಿಂತ ಮೊದಲು ರಕ್ತಪರೀಕ್ಷೆ ಬರೆಯುತ್ತೇವೆ.

ಪರಿಹಾರ ಕ್ರಮ

ಮೊದಲು ಹಿಮೋಗ್ಲೋಬಿನ್, ಫೆರಿಟಿನ್, ರಕ್ತದ ಸಕ್ಕರೆ ಮತ್ತು ಕ್ರಿಯಾಟಿನಿನ್ ಪರೀಕ್ಷಿಸಿಕೊಳ್ಳಬೇಕು. ಹಿಮೋಗ್ಲೋಬಿನ್ ಸರಿಯಿದ್ದರೂ ಸಂಗ್ರಹದ ಕಬ್ಬಿಣವನ್ನು ಸೂಚಿಸುವ ಫೆರಿಟಿನ್ ಕಡಿಮೆಯಿರಬಹುದು. ಈ ರೋಗವುಳ್ಳವರಲ್ಲಿ ಅದು 75ಕ್ಕಿಂತ ಕೆಳಗಿದ್ದರೆ ಕಬ್ಬಿಣಾಂಶ ನೀಡುವುದನ್ನು ವೈದ್ಯರು ಪರಿಗಣಿಸುತ್ತಾರೆ. ಪರೀಕ್ಷೆಯಿಲ್ಲದೆ ಕಬ್ಬಿಣದ ಗುಳಿಗೆಯನ್ನಾಗಲಿ, ಲೋಹಭಸ್ಮಯುಕ್ತ ಔಷಧವನ್ನಾಗಲಿ ಸೇವಿಸಬಾರದು. ಮಿತಿಮೀರಿದ ಕಬ್ಬಿಣ ಯಕೃತ್ತಿಗೆ ಅಪಾಯ. ಆದರೆ ಗರ್ಭಿಣಿಯರು ಆರೋಗ್ಯ ಇಲಾಖೆ ಕೊಡುವ ಕಬ್ಬಿಣದ ಗುಳಿಗೆಯನ್ನು ತಪ್ಪಿಸಬಾರದು. ಪುರುಷರಲ್ಲಿ, ಮುಟ್ಟು ನಿಂತ ತಾಯಂದಿರಲ್ಲಿ ಕಬ್ಬಿಣಾಂಶ ಕುಂದಿದ್ದರೆ ಮೂಲವ್ಯಾಧಿ, ಜಠರದ ಹುಣ್ಣು, ಕರುಳಿನ ಗಡ್ಡೆಗಳಿಂದ ರಕ್ತ ಹೋಗುತ್ತಿದೆಯೇ ಎಂಬುದನ್ನು ಶೋಧಿಸಲೇಬೇಕು.

ಆಹಾರದಲ್ಲಿ ಸಜ್ಜೆ ರೊಟ್ಟಿ, ಹುರುಳಿ, ಹೆಸರು, ಮೆಂತ್ಯ-ರಾಜಗಿರಿ ಪಲ್ಯ, ಎಳ್ಳು, ಗುರೆಳ್ಳು ಚಟ್ನಿ ಇರಲಿ. ಊಟದೊಡನೆ ನಿಂಬೆರಸ, ನೆಲ್ಲಿಕಾಯಿ ಅಥವಾ ಪೇರಲ ಸೇವಿಸಿದರೆ ಕಬ್ಬಿಣಾಂಶ ಚೆನ್ನಾಗಿ ಹೀರಲ್ಪಡುತ್ತದೆ. ಚಹಾ ಅದನ್ನು ತಡೆಯುವುದರಿಂದ ಊಟಕ್ಕೂ ಚಹಾಕ್ಕೂ ಒಂದು ಗಂಟೆಯಾದರೂ ಅಂತರವಿರಲಿ. ಸಂಜೆಯ ನಂತರ ಚಹಾ, ಕಾಫಿ ಬೇಡ. ತಂಬಾಕು, ಮದ್ಯ ಎಂದಿಗೂ ಬೇಡ. ಆದರೆ ತೀರ ಕುಂದಿದ ಸಂಗ್ರಹವನ್ನು ಆಹಾರವೊಂದೇ ತುಂಬಲಾರದು, ಆಗ ಔಷಧ ಬೇಕು.

ಮಲಗುವ ಮುನ್ನ ಉಗುರುಬೆಚ್ಚಗಿನ ಎಳ್ಳೆಣ್ಣೆ ಅಥವಾ ವೈದ್ಯರು ಸೂಚಿಸಿದ ಕ್ಷೀರಬಲಾ ತೈಲವನ್ನು ಮೊಣಕಾಲಿನಿಂದ ಅಂಗಾಲಿನವರೆಗೆ ಹತ್ತು ನಿಮಿಷ ತಿಕ್ಕಿ, ಬಿಸಿನೀರಿನಿಂದ ಕಾಲು ತೊಳೆಯುವುದು ಹಿತಕರ. ಮಧುಮೇಹಿಗಳಿಗೆ ಕಾಲಿನ ಸ್ಪರ್ಶ ಮಂದವಾಗಿರುವುದರಿಂದ ನೀರಿನ ಬಿಸಿಯನ್ನು ಬೇರೆಯವರು ನೋಡಿ ಹಾಕಬೇಕು. ಮಿತವಾದ ನಡಿಗೆ, ಕಾಲಿನ ಸ್ನಾಯುಗಳನ್ನು ಹಿಗ್ಗಿಸುವ ಆಸನಗಳು, ನಿಯತವಾದ ನಿದ್ರಾಸಮಯ ಇವು ನೆರವಾಗುತ್ತವೆ. ಬಟ್ಟೆಯಿಂದ ಬಿಗಿದು ಕಟ್ಟುವುದನ್ನು ಬಿಡಬೇಕು.

ಇಷ್ಟಕ್ಕೂ ಶಮನವಾಗದಿದ್ದರೆ ನರರೋಗ ತಜ್ಞರನ್ನು ಕಾಣಬೇಕು. ಗ್ಯಾಬಪೆಂಟಿನ್ ಮುಂತಾದ ಔಷಧಗಳು ಹಲವರಿಗೆ ನಿದ್ರೆಯನ್ನು ಮರಳಿಸುತ್ತವೆ. ಡೋಪಮಿನ್ನಿನಂತೆ ವರ್ತಿಸುವ ಔಷಧಗಳು ಮೊದಲು ಹಿತ ನೀಡಿದರೂ ವರ್ಷಗಳು ಕಳೆದಂತೆ ಬಾಧೆಯನ್ನು ಹಗಲಿಗೂ ಕೈಗಳಿಗೂ ಹಬ್ಬಿಸಬಹುದು. ಅಂಥ ಬದಲಾವಣೆ ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಬೇಕು.

ಮನೆಯವರಿಗೂ ಒಂದು ಮಾತು. ತಾಯಿಯೋ ಸೊಸೆಯೋ ನಡುರಾತ್ರಿ ಎದ್ದು ಪಡಸಾಲೆಯಲ್ಲಿ ಅಡ್ಡಾಡುತ್ತಿದ್ದರೆ ಗದರಬೇಡಿ. "ಎಷ್ಟು ದಿನದಿಂದ ಹೀಗೆ?" ಎಂದು ಕೇಳಿ, ಮರುದಿನವೇ ರಕ್ತಪರೀಕ್ಷೆಗೆ ಕರೆದೊಯ್ಯಿರಿ. ಪೂಜೆಗೆ ಕೂರಲಾಗದವರು ಕುರ್ಚಿಯ ಮೇಲೆ ಕುಳಿತಾದರೂ ಪೂಜಿಸಲಿ, ನಡುವೆ ಎದ್ದು ನಾಲ್ಕು ಹೆಜ್ಜೆ ನಡೆದು ಬರಲಿ. ಅದರಿಂದ ಭಕ್ತಿಗೆ ಕುಂದಿಲ್ಲ. ಕಾಯಕಕ್ಕೂ ಪೂಜೆಗೂ ಈ ಕಾಯವೇ ಸಾಧನ. ಅದರ ಆರೈಕೆಯೂ ಶರಣಧರ್ಮವೇ ಆಗಿದೆ.