ವಿದ್ಯಾರ್ಥಿವೇತನವೂ ಬೇಸಗೆಯ ಸಂಶೋಧನಾಭ್ಯಾಸವೂ

ಕೇಂದ್ರ ಸರ್ಕಾರದ ವೇತನದಿಂದ ವಿಜ್ಞಾನವನ್ನು ಓದುತ್ತಿರುವ ವಿದ್ಯಾರ್ಥಿಗೆ ಬೇಸಗೆಯ ರಜೆಯಲ್ಲಿ ಪ್ರಯೋಗಶಾಲೆಯೊಂದರಲ್ಲಿ ಕೆಲಸ ಕಲಿಯುವ ಅವಕಾಶ ಒದಗಿತೆನ್ನೋಣ. ಆಗ ಮನೆಯಲ್ಲಿ ಎರಡು ಸಂದೇಹಗಳು ಹುಟ್ಟುವುದುಂಟು. ಅಲ್ಲಿಗೆ ಹೋದರೆ ಇರುವ ವೇತನ ನಿಂತುಹೋದೀತೆ? ಹೊಲದಲ್ಲಿ ಕೈಗೆ ಕೈ ಸೇರಿಸಬೇಕಾದ ಕಾಲದಲ್ಲಿ ಮಗನನ್ನಾಗಲಿ ಮಗಳನ್ನಾಗಲಿ ದೂರದ ಊರಿಗೆ ಕಳುಹಿಸುವುದು ಯುಕ್ತವೆ? ಇವೆರಡನ್ನೂ ಈ ಪಾಠದಲ್ಲಿ ವಿಚಾರ ಮಾಡೋಣ.

ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 2008ರಲ್ಲಿ ‘ಇನ್‌ಸ್ಪೈರ್’ ಎಂಬ ಯೋಜನೆಯನ್ನು ಆರಂಭಿಸಿತು. ಹನ್ನೆರಡನೆಯ ತರಗತಿಯ ಪರೀಕ್ಷೆಯಲ್ಲಿ ತಮ್ಮ ಬೋರ್ಡಿನ ಮೇಲಿನ ಶೇಕಡ 1ರೊಳಗೆ ಬಂದು, ಮೂಲವಿಜ್ಞಾನಗಳಲ್ಲಿ ಪದವಿಗೆ ಸೇರಿದವರು ಇದರ ಉನ್ನತ ಶಿಕ್ಷಣ ವೇತನಕ್ಕೆ ಅರ್ಜಿ ಹಾಕಬಹುದು. ವೈದ್ಯ ಮತ್ತು ಇಂಜಿನಿಯರಿಂಗ್ ವ್ಯಾಸಂಗಗಳಿಗೆ ಇದು ಅನ್ವಯಿಸುವುದಿಲ್ಲ. ವೇತನದ ಮೊತ್ತ ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 60,000 ವಿದ್ಯಾರ್ಥಿಯ ಖರ್ಚಿಗೆ; ಉಳಿದ 20,000 ಬೇಸಗೆಯಲ್ಲಿ ವಿಜ್ಞಾನಿಯೊಬ್ಬರ ಮಾರ್ಗದರ್ಶನದಲ್ಲಿ ಸಂಶೋಧನಾಭ್ಯಾಸ ಮಾಡುವುದಕ್ಕೆ. ವಾಚಕರು ಇದನ್ನು ಚೆನ್ನಾಗಿ ಗಮನಿಸಬೇಕು. ಇಲ್ಲಿ ಬೇಸಗೆಯ ಕೆಲಸವು ವೇತನಕ್ಕೆ ವಿರೋಧವಾದುದಲ್ಲ. ಅದು ವೇತನದ ಒಂದು ಅಂಗವೇ ಆಗಿದೆ. ಕೆಲಸ ಮುಗಿದ ಮೇಲೆ ವಿದ್ಯಾರ್ಥಿಯು ವರದಿಯನ್ನೂ ಮಾರ್ಗದರ್ಶಕರ ಪ್ರಮಾಣಪತ್ರವನ್ನೂ ಒಪ್ಪಿಸತಕ್ಕದ್ದು.

ಇದಲ್ಲದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ದೇಶದ ಇನ್ನೆರಡು ಅಕಾಡೆಮಿಗಳೊಡನೆ ಕೂಡಿ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಬೇಸಗೆಯ ಎರಡು ತಿಂಗಳ ಸಂಶೋಧನಾ ವೇತನಗಳನ್ನು ಕೊಡುತ್ತ ಬಂದಿದೆ. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಇಂತಹ ಏರ್ಪಾಡುಂಟು.

ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಸೇರಿದವರ ಸ್ಥಿತಿ ಬೇರೆ. ಅವರಿಗೆ ದೊರೆಯುವ ಕಿರಿಯ ಸಂಶೋಧನಾ ವೇತನವು 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಅದು ಪೂರ್ಣಕಾಲದ ಕೆಲಸಕ್ಕೆ ಕೊಡುವ ಹಣ. ಆದುದರಿಂದ ಅದನ್ನು ಪಡೆಯುತ್ತಿರುವಾಗ ಬೇರೆಡೆ ಸಂಬಳದ ಉದ್ಯೋಗವನ್ನು ಕೈಕೊಳ್ಳುವಂತಿಲ್ಲ. ಒಂದು ದಿನದ ದುಡಿಮೆಗೆ ಇಬ್ಬರು ಧಣಿಗಳಿಂದ ಕೂಲಿ ಪಡೆಯುವುದು ಹೇಗೆ ನ್ಯಾಯವಲ್ಲವೋ ಹಾಗೆಯೇ ಇದೂ. ಆದರೆ ಮಾರ್ಗದರ್ಶಕರ ಒಪ್ಪಿಗೆಯಿಂದ ಇನ್ನೊಂದು ಪ್ರಯೋಗಶಾಲೆಯಲ್ಲಿ ತನ್ನ ವಿಷಯಕ್ಕೆ ಸಂಬಂಧಿಸಿದ ವಿಧಾನವನ್ನು ಕಲಿತು ಬರುವುದು ಬೇರೆ ಮಾತು. ಕಲಿಕೆಗಳೆರಡು ಕೂಡಬಹುದು, ಒಂದೇ ಕಾಲಕ್ಕೆ ಸಂಬಳಗಳೆರಡು ಕೂಡಲಾರವು.

ಕೆಲಸ ಮತ್ತು ಸಂಶೋಧನೆಗಳನ್ನು ನ್ಯಾಯವಾಗಿ ಕೂಡಿಸಿದವರಿಗೆ ಸರ್ ಸಿ. ವಿ. ರಾಮನ್ನರು ಉತ್ತಮ ನಿದರ್ಶನ. 1907ರಲ್ಲಿ ಅವರು ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದರು. ಹಗಲು ಕಚೇರಿಯ ಲೆಕ್ಕಪತ್ರ. ಕಚೇರಿಯ ವೇಳೆಗೆ ಮುಂಚೆ ಹಾಗೂ ಅನಂತರ ಅಲ್ಲಿನ ವಿಜ್ಞಾನಸಂಘದ ಪ್ರಯೋಗಶಾಲೆ. 1917ರಲ್ಲಿ ಹೆಚ್ಚು ಸಂಬಳದ ಆ ಅಧಿಕಾರವನ್ನು ಬಿಟ್ಟು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು. 1930ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಲಭಿಸಿತು. ಮೇಲೆ ಹೇಳಿದ ಬೆಂಗಳೂರಿನ ಅಕಾಡೆಮಿಯನ್ನು 1934ರಲ್ಲಿ ಸ್ಥಾಪಿಸಿದವರೂ ಅವರೇ.

ಇನ್ನು ಎರಡನೆಯ ಸಂದೇಹ. ಎರಡು ತಿಂಗಳ ಕೂಲಿ ಸಣ್ಣ ಮೊತ್ತವಲ್ಲ. ಅದರ ಅಗತ್ಯವನ್ನು ಮನೆಯವರೇ ಬಲ್ಲರು. ಆದರೂ ಪದವಿಯ ಪುಸ್ತಕವು ಕಲಿಸದ ಎರಡು ಸಂಗತಿಗಳನ್ನು ಪ್ರಯೋಗಶಾಲೆ ಕಲಿಸುತ್ತದೆ: ಉತ್ತರ ತಿಳಿಯದ ಪ್ರಶ್ನೆಯ ಮುಂದೆ ತಾಳ್ಮೆಯಿಂದ ಕುಳಿತುಕೊಳ್ಳುವುದು, ಕಂಡುದನ್ನು ಕಂಡಂತೆಯೇ ಬರೆದಿಡುವುದು. ಇದಕ್ಕಾಗಿ ಯಾವಾಗಲೂ ಬಹುದೂರ ಹೋಗಬೇಕೆಂದೂ ಇಲ್ಲ. ಸೇಲಂನಲ್ಲಿ 1997ರಲ್ಲಿ ಸ್ಥಾಪಿತವಾದ ಪೆರಿಯಾರ್ ವಿಶ್ವವಿದ್ಯಾನಿಲಯವಿದೆ. ನಮ್ಮ ಕಡಯಂಪಟ್ಟಿಗೆ ಸಮೀಪದ ಏರ್ಕಾಡು ಬೆಟ್ಟದ ಮೇಲೆ ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯ ಆರ್ಕಿಡ್ ಸಸ್ಯೋದ್ಯಾನವಿದೆ. ಇಂತಹ ಕಡೆಗಳಲ್ಲಿ ಅವಕಾಶವುಂಟೇ ಎಂದು ವಿನಯದಿಂದ ಪತ್ರ ಬರೆದು ಕೇಳಬಹುದು.

ಅರ್ಜಿ ಹಾಕುವವರು ಈ ನಾಲ್ಕನ್ನು ಮರೆಯಬಾರದು:

1. ವೇತನದ ನಿಬಂಧನೆಗಳನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಓದಬೇಕು. ಮೊತ್ತಗಳೂ ನಿಯಮಗಳೂ ಆಗಾಗ ಬದಲಾಗುತ್ತವೆ.
2. ಈಗಾಗಲೇ ಪಡೆಯುತ್ತಿರುವ ವೇತನವನ್ನು ಹೊಸ ಅರ್ಜಿಯಲ್ಲಿ ಮರೆಮಾಡದೆ ತಿಳಿಸಬೇಕು.
3. ಒಪ್ಪಿಗೆಯನ್ನು ಹೊರಡುವುದಕ್ಕೆ ಮುಂಚೆಯೇ ಬರವಣಿಗೆಯಲ್ಲಿ ಪಡೆಯಬೇಕು.
4. ಪ್ರತಿದಿನದ ಕೆಲಸವನ್ನು ಅಂದೇ ಪುಸ್ತಕದಲ್ಲಿ ಬರೆದಿಡಬೇಕು.

ಪೋಷಕರಲ್ಲಿ ಒಂದು ವಿಜ್ಞಾಪನೆ. ಬೇಸಗೆಯ ಅವಕಾಶಗಳಿಗೆ ಚಳಿಗಾಲದಲ್ಲಿಯೇ ಅರ್ಜಿ ಹಾಕಬೇಕಾಗುತ್ತದೆ. ಆದುದರಿಂದ ಮಕ್ಕಳೊಡನೆ ಈ ಮಾತನ್ನು ದೀಪಾವಳಿಯ ಹೊತ್ತಿಗೇ ಆಡಿ ತೀರ್ಮಾನಿಸಿರಿ. ಏಪ್ರಿಲ್‌ವರೆಗೆ ಕಾದರೆ ಅವಕಾಶವು ಕೈತಪ್ಪಿಹೋಗುವುದು.